ಫೋಟೋ ತೆಗೆದು ಬರೋಷ್ಟ್ರಲ್ಲಿ ಫಾರ್ಮ್ ಖಾಲಿ! ಆ್ಯಪ್ ಯಾಕೆ ಪದೇ ಪದೇ ಮೊದಲಿಂದ ಶುರುವಾಗುತ್ತೆ?

ಹಾವೇರಿ ಕಡೆಯ ಒಬ್ಬ ಓದುಗರ ಪ್ರಶ್ನೆ ಇದು, ಉದ್ದ ಇತ್ತು, ಸ್ವಲ್ಪ ಕತ್ತರಿಸಿ ಹಾಕ್ತಿದೀನಿ:

"ಸರ್, ನಾನು ಒಂದು ಫೈನಾನ್ಸ್ ಕಂಪನಿ ಒಳಗ ಫೀಲ್ಡ್ ಕೆಲಸ ಮಾಡ್ತೀನಿ. ದಿನಾ ಬೈಕ್ ಮ್ಯಾಲೆ ಹಳ್ಳಿ ಹಳ್ಳಿ ಅಡ್ಡಾಡಿ ಸಾಲದ ಅರ್ಜಿ ತುಂಬೂದು. ಕಂಪನಿ ಆ್ಯಪ್ ಒಳಗ ಹೆಸರು, ವಿಳಾಸ, ಹೊಲ, ಮನಿ ಮಂದಿ ಎಲ್ಲಾ ತುಂಬಿ ಕಡೀಕ ಗಿರಾಕಿ ಫೋಟೋ ತಗೀಬೇಕು. ಕ್ಯಾಮೆರಾ ಓಪನ್ ಆಗ್ತೈತಿ, ಫೋಟೋನೂ ಬರ್ತೈತಿ, ಟಿಕ್ ಒತ್ತಿದ ಕೂಡ್ಲೇ ಆ್ಯಪ್ ಮತ್ತ ಲೋಗೋ ತೋರಿಸಿ ಮೊದಲಿನ ಪೇಜಿಗೆ ಬಂದು ನಿಂದರ್ತೈತಿ. ತುಂಬಿದ್ದೆಲ್ಲಾ ಹೋತು. ಗಿರಾಕಿ ಮುಂದ ಮಾರಿ ಸಣ್ಣದಾಗ್ತೈತಿ. ಒಟಿಪಿ ನೋಡಾಕ ಮೆಸೇಜಿಗೆ ಹೋಗಿ ಬಂದ್ರೂ ಒಮ್ಮೊಮ್ಮೆ ಹಿಂಗ ಆಗ್ತೈತಿ. ನಂದು 4 ಜಿಬಿ ರ್ಯಾಮ್ ಫೋನು, ಮೂರು ವರ್ಷ ಆತು. ಮೊಬೈಲ್ ಅಂಗಡಿಯವ್ರು ವೈರಸ್ ಐತಿ, ಫುಲ್ ರೀಸೆಟ್ ಹೊಡಿಬೇಕು ಅಂದ್ರು. ಗೆಳೆಯ ಒಬ್ಬ ರ್ಯಾಮ್ ಬೂಸ್ಟರ್ ಹಾಕಿ ಕೊಟ್ಟಾನ. ನಾನೂ ತಾಸಿಗೊಮ್ಮೆ ಎಲ್ಲಾ ಆ್ಯಪ್ ಸ್ವೈಪ್ ಮಾಡಿ ತಗದ ಹಾಕ್ತೀನಿ, ಆದ್ರೂ ಸುಧಾರಿಸಿಲ್ಲ. ಸೆಟ್ಟಿಂಗ್ಸ್ ಒಳಗ ರ್ಯಾಮ್ ಎಕ್ಸ್‌ಟೆನ್ಶನ್ ಅಂತ ಐತಿ, ಅದನ್ನ ಆನ್ ಮಾಡ್ಲೋ ಬ್ಯಾಡೋ? ತಂಗಿ ಕಡೆ ಐಫೋನ್ ಐತಿ, ಆಕಿಗೂ ಹಿಂಗ ಆಗ್ತೈತಂತ. ಫೋನ್ ಕೆಟ್ಟೈತೋ, ಹೊಸಾದು ತಗೋಬೇಕೋ, ಹೇಳ್ರಿ."

ನಿಮ್ಮ ಫೋನ್ ಕೆಟ್ಟಿಲ್ಲ, ವೈರಸ್ಸೂ ಅಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಅಂಗಡಿಯವ್ರ ಮಾತು ಕೇಳಿ ರೀಸೆಟ್ ಹೊಡೆಸಿ ಫೋಟೋ, ವಾಟ್ಸಾಪ್ ಚಾಟ್, ಕಾಂಟ್ಯಾಕ್ಟ್ಸ್ ಎಲ್ಲಾ ಕಳ್ಕೊಂಡವರು ಸುಮಾರು ಜನ ಇದಾರೆ, ರೀಸೆಟ್ ಆದ್ಮೇಲೆ ಒಂದು ವಾರ ಚೆನ್ನಾಗಿ ಓಡುತ್ತೆ, ಆಮೇಲೆ ಅದೇ ಆ್ಯಪ್‌ಗಳನ್ನ ಮತ್ತೆ ಹಾಕ್ಕೊಂಡ ಮೇಲೆ ಅದೇ ರಾಗ. ನಾನು ಆಂಡ್ರಾಯ್ಡ್ ಆ್ಯಪ್ ಬರೆಯೋ ಕೆಲಸದಲ್ಲೇ ಇರೋನು. ನೀವು ಹೇಳಿದ ಈ "ಕ್ಯಾಮೆರಾಗೆ ಹೋಗಿ ಬಂದ್ರೆ ಫಾರ್ಮ್ ಖಾಲಿ" ಅನ್ನೋ ಕಂಪ್ಲೇಂಟ್ ನಮ್ಮ ಲೈನ್‌ನಲ್ಲಿ ಎಲ್ಲರಿಗೂ ಗೊತ್ತಿರೋದು, ಅದಕ್ಕೆ ಪರಿಹಾರಾನೂ ಗೊತ್ತಿರೋದು, ಆದ್ರೂ ಹೊಸ ಆ್ಯಪ್‌ಗಳಲ್ಲಿ ಮತ್ತೆ ಮತ್ತೆ ಬರ್ತಾನೇ ಇರುತ್ತೆ. ಯಾಕೆ ಅಂತ ಮುಂದೆ ಹೇಳ್ತೀನಿ. ಇದರಲ್ಲಿ ನಿಮ್ಮ ಫೋನಿನ ಪಾಲು ಸ್ವಲ್ಪ ಇದೆ, ನಿಮ್ಮ ಸ್ವೈಪ್ ಅಭ್ಯಾಸದ ಪಾಲು ಸ್ವಲ್ಪ ಇದೆ, ದೊಡ್ಡ ಪಾಲು ಆ ಆ್ಯಪ್ ಬರೆದವರದ್ದು.

ಮೊದಲು ಒಂದು ತಪ್ಪು ಕಲ್ಪನೆ ತೆಗೀಬೇಕು. ರೀಸೆಂಟ್ಸ್ ಬಟನ್ ಒತ್ತಿದ್ರೆ ಸಾಲಾಗಿ ಕಾಣೋ ಕಾರ್ಡ್‌ಗಳನ್ನ ನೋಡಿ ಇಷ್ಟೂ ಆ್ಯಪ್ ಹಿಂದುಗಡೆ ಓಡ್ತಾ ಇದೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಹಾಗಿಲ್ಲ. ಅದು ಬಸ್ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದು ಹೋದಂಗೆ. ಟವೆಲ್ ಇದೆ, ಮನುಷ್ಯ ಇಲ್ಲ. ಬಸ್ ಖಾಲಿ ಇದ್ರೆ ವಾಪಸ್ ಬಂದು ಅದೇ ಸೀಟಲ್ಲಿ ಕೂರಬಹುದು, ರಶ್ ಆದ್ರೆ ಕಂಡಕ್ಟರ್ರು ಟವೆಲ್ ತೆಗೆದು ಬೇರೆಯವರನ್ನ ಕೂರಿಸ್ತಾರೆ. ಆ ಕಾರ್ಡ್‌ನಲ್ಲಿ ಕಾಣೋ ಚಿತ್ರ ನೀವು ಆ್ಯಪ್ ಬಿಟ್ಟು ಹೋದಾಗ ಸಿಸ್ಟಮ್ ತೆಗೆದಿಟ್ಟ ಸ್ಕ್ರೀನ್‌ಶಾಟ್ ಅಷ್ಟೇ. ನಂಬಿಕೆ ಇಲ್ಲ ಅಂದ್ರೆ ಫೋನನ್ನ ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿ, ಬಹುತೇಕ ಫೋನ್‌ಗಳಲ್ಲಿ ಕಾರ್ಡ್‌ಗಳು ಹಾಗೇ ಇರುತ್ತೆ, ಆದ್ರೆ ಅವುಗಳಲ್ಲಿ ಹೆಚ್ಚಿನವು ಒಳಗಡೆ ಓಡ್ತಿರಲ್ಲ. ಹಳೇ ಪೇಜ್ ಒಂದು ಕ್ಷಣ ಕಂಡು ಆಮೇಲೆ ಲೋಗೋ ಬರುತ್ತಲ್ಲ, ಆ ಒಂದು ಕ್ಷಣ ಕಂಡಿದ್ದು ಈ ಸ್ಕ್ರೀನ್‌ಶಾಟೇ. ಹಾಗಾದ್ರೆ ವಾಟ್ಸಾಪ್ ಮೆಸೇಜ್ ಹೇಗೆ ಬರುತ್ತೆ ಅಂತ ಕೇಳ್ತೀರಾ, ಅದಕ್ಕೆ ಗೂಗಲ್‌ನ ಪುಶ್ ಸರ್ವೀಸ್ ಒಂದೇ ಸದಾ ಎಚ್ಚರ ಇರುತ್ತೆ, ಮೆಸೇಜ್ ಬಂದಾಗ ಅದು ವಾಟ್ಸಾಪನ್ನ ಎಬ್ಬಿಸುತ್ತೆ, ಕೆಲಸ ಮುಗಿದ ಮೇಲೆ ಅದು ಮತ್ತೆ ಸುಮ್ಮನಾಗುತ್ತೆ.

ಇಲ್ಲಿ ಬಸ್ ಅಂದ್ರೆ ರ್ಯಾಮ್, ಓಡೋ ಆ್ಯಪ್ ಕೂರೋ ಮೆಮೊರಿ. ಈಗ ಆ ಕಂಡಕ್ಟರ್ ಯಾರು ಅಂತ ನೋಡೋಣ. ಆಂಡ್ರಾಯ್ಡ್‌ನಲ್ಲಿ ಎಲ್‌ಎಂಕೆಡಿ ಅಂತ ಒಂದು ಪ್ರೋಗ್ರಾಮ್ ಇದೆ, ಲೋ ಮೆಮೊರಿ ಕಿಲ್ಲರ್ ಅಂತ, ಮೆಮೊರಿ ಕಮ್ಮಿ ಬಿದ್ದಾಗ ಆ್ಯಪ್ ಕಿಲ್ ಮಾಡೋದು, ಅಂದ್ರೆ ಮೆಮೊರಿಯಿಂದ ತೆಗೆದು ಹಾಕೋದು ಅದರ ಕೆಲಸ. ಪ್ರತಿ ಆ್ಯಪ್‌ಗೂ ಸಿಸ್ಟಮ್ ಒಂದು ನಂಬರ್ ಕೊಟ್ಟಿರುತ್ತೆ, ನಂಬರ್ ಜಾಸ್ತಿ ಇದ್ದಷ್ಟೂ ಮೊದಲು ಹೋಗೋದು ಅದೇ. ನೀವು ಕಣ್ಣೆದುರು ಬಳಸ್ತಿರೋ ಆ್ಯಪ್‌ಗೆ 0. ಸ್ಕ್ರೀನ್ ಮೇಲೆ ಕಾಣ್ತಿದ್ದೂ ನೀವು ಮುಟ್ಟದೇ ಇರೋದಕ್ಕೆ 100. ಹಾಡು ಪ್ಲೇ ಆಗ್ತಿರೋದು, ಮ್ಯಾಪ್ ದಾರಿ ಹೇಳ್ತಿರೋದು ಇಂಥವಕ್ಕೆ 200ರ ಆಸುಪಾಸು. ಈಗಷ್ಟೇ ಬಿಟ್ಟು ಬಂದ ಆ್ಯಪ್‌ಗೆ 700. ಅದಕ್ಕಿಂತ ಹಿಂದೆ ಬಳಸಿ ಬಿಟ್ಟಿದ್ದೆಲ್ಲಾ 900ರಿಂದ 999. ಮೆಮೊರಿ ಸಾಲ್ದೇ ಬಂದಾಗ 999ರ ಕಡೆಯಿಂದ ಒಂದೊಂದನ್ನೇ ಕಿಲ್ ಮಾಡ್ಕೊಂಡು ಬರುತ್ತೆ, ಸಾಕಾಗೋವರೆಗೂ. ಕಿಲ್ ಮಾಡೋವಾಗ ಆ್ಯಪ್‌ಗೆ "ಹೋಗ್ತಿದೀಯ, ಏನಾದ್ರೂ ಉಳಿಸ್ಕೋ" ಅಂತ ಹೇಳೋದೂ ಇಲ್ಲ, ನೇರ ತೆಗೆದು ಹಾಕೋದೇ.

ಇದು ಈಚೆಗೆ ಯಾರೋ ತಂದ ಕಿತಾಪತಿ ಅಂತಲೂ ಅಂದ್ಕೋಬೇಡಿ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್‌ನಲ್ಲಿ ಇದ್ದಿದ್ದು 192 ಎಂಬಿ ರ್ಯಾಮ್, ಜಿಬಿ ಅಲ್ಲ, ಎಂಬಿ. ಕಂಪ್ಯೂಟರ್‌ನಲ್ಲಿ ರ್ಯಾಮ್ ತುಂಬಿದ್ರೆ ಉಳಿದಿದ್ದನ್ನ ಹಾರ್ಡ್‌ಡಿಸ್ಕಿಗೆ ಇಳಿಸಿಟ್ಟು ಆಮೇಲೆ ವಾಪಸ್ ತರ್ತಾರೆ. ಫೋನಿನ ಫ್ಲ್ಯಾಶ್ ಸ್ಟೋರೇಜ್‌ಗೆ ಪದೇ ಪದೇ ಬರೆದ್ರೆ ಅದು ಸವೆಯುತ್ತೆ, ಆಗಿನ ಕಾಲಕ್ಕೆ ನಿಧಾನಾನೂ ಇತ್ತು. ಅದಕ್ಕೇ ಇಳಿಸಿಡೋ ಬದಲು ಕಿಲ್ ಮಾಡೋದು, ಬಳಕೆದಾರ ವಾಪಸ್ ಬಂದಾಗ ಆ್ಯಪ್ ತಾನೇ ನೆನಪು ಮಾಡ್ಕೊಂಡು ಅದೇ ಜಾಗಕ್ಕೆ ಬರ್ಬೇಕು, ಅನ್ನೋ ಲೆಕ್ಕಾಚಾರದಲ್ಲೇ ಆಂಡ್ರಾಯ್ಡ್ ಕಟ್ಟಿದ್ದು. ಒಪ್ಪಂದದ ಮೊದಲರ್ಧ ಸಿಸ್ಟಮ್ ಚಾಚೂ ತಪ್ಪದೆ ಮಾಡ್ತಿದೆ, ಎರಡನೇ ಅರ್ಧ ಆ್ಯಪ್‌ನವರು ಮಾಡ್ತಿಲ್ಲ.

ನಿಮ್ಮ ಕೇಸಿಗೆ ಬರೋಣ. 4 ಜಿಬಿ ಫೋನ್ ಅಂದ್ರೂ ಅದರಲ್ಲಿ ಸಿಸ್ಟಮ್‌ಗೆ, ಡಿಸ್‌ಪ್ಲೇಗೆ, ಮೋಡೆಮ್‌ಗೆ, ಕಂಪನಿಯವರು ತುಂಬಿ ಕಳಿಸಿರೋ ಆ್ಯಪ್‌ಗಳಿಗೆ ಅಂತ ದೊಡ್ಡ ಭಾಗ ಮೊದಲೇ ಹೋಗಿರುತ್ತೆ. ಮಿಕ್ಕಿದ್ದರಲ್ಲಿ ನಿಮ್ಮ ಆ್ಯಪ್ ಕೂತಿದೆ. ನೀವು ಫೋಟೋ ಬಟನ್ ಒತ್ತಿದ ತಕ್ಷಣ ಫೋನಿನ ಕ್ಯಾಮೆರಾ ಆ್ಯಪ್ ಮುಂದೆ ಬರುತ್ತೆ, ನಿಮ್ಮ ಆ್ಯಪ್ 0ಯಿಂದ 700ಕ್ಕೆ ಹೋಗುತ್ತೆ. ಕ್ಯಾಮೆರಾ ಅಂದ್ರೆ ಫೋನಿನಲ್ಲಿರೋ ದೊಡ್ಡ ಹೊಟ್ಟೆಬಾಕ. ಒಂದು 12 ಮೆಗಾಪಿಕ್ಸೆಲ್ ಫೋಟೋ ಸೇವ್ ಆದ್ಮೇಲೆ ಮೂರ್ನಾಲ್ಕು ಎಂಬಿ ಕಾಣುತ್ತೆ, ಆದ್ರೆ ಮೆಮೊರಿಯಲ್ಲಿ ಬಿಚ್ಚಿಟ್ಟಾಗ ಪಿಕ್ಸೆಲ್ಲಿಗೆ 4 ಬೈಟ್ ಅಂದ್ರೂ 48 ಎಂಬಿ. ಎಚ್‌ಡಿಆರ್ ಆನ್ ಇದ್ರೆ ಒಂದು ಕ್ಲಿಕ್ಕಿಗೆ ಇಂಥ ಹಲವು ಫ್ರೇಮ್ ತೆಗೆದು ಬೆರೆಸ್ತಿರುತ್ತೆ. ಜೊತೆಗೆ ಪ್ರಿವ್ಯೂ, ಬ್ಯೂಟಿ ಫಿಲ್ಟರ್, ಇನ್ನೊಂದು ಮತ್ತೊಂದು. 900ರ ಮೇಲಿನ ಬ್ಯಾಚ್ ಎಲ್ಲಾ ಖಾಲಿ ಮಾಡಿದ್ರೂ ಸಾಲ್ದೇ ಇದ್ದಾಗ ಮುಂದಿನ ಸರದಿ 700ರದ್ದು, ಅಂದ್ರೆ ನಿಮ್ಮ ಅರ್ಜಿದು. ನೀವು ಟಿಕ್ ಒತ್ತೋ ಹೊತ್ತಿಗೆ ಅದು ಹೋಗಿ ಆಗಿರುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ, ಇದನ್ನ ಜಾಸ್ತಿ ಜನ ಹೇಳಲ್ಲ. ನೀವು ಬೈಕಲ್ಲಿ ಹಳ್ಳಿಗೆ ಹೋಗೋವಾಗ ಮ್ಯಾಪ್ ಹಾಕ್ಕೊಂಡಿರ್ತೀರಿ, ಮನೆ ಮುಟ್ಟಿದ ಮೇಲೆ ನ್ಯಾವಿಗೇಶನ್ ಎಕ್ಸಿಟ್ ಮಾಡದೇ ಫೋನ್ ತಿರುಗಿಸಿ ಅರ್ಜಿ ಶುರು ಮಾಡ್ತೀರಿ ಅಂದ್ಕೊಳ್ಳಿ. ಆ ಮ್ಯಾಪ್‌ಗೆ ಇರೋದು 200ರ ಆಸುಪಾಸಿನ ರಕ್ಷಣೆ. ಕ್ಯಾಮೆರಾ ಬಂದಾಗ ಮ್ಯಾಪ್ ಉಳಿಯುತ್ತೆ, ನಿಮ್ಮ ಫಾರ್ಮ್ ಹೋಗುತ್ತೆ. ನಿಮ್ಮ ಗೆಳೆಯ ಹಾಕಿಕೊಟ್ಟ ಬೂಸ್ಟರ್ ಆ್ಯಪ್ಪೂ ಮೇಲ್ಗಡೆ ನೋಟಿಫಿಕೇಶನ್ ತೋರಿಸ್ತಾ ಕೂತಿದ್ರೆ, ಅಥವಾ ಸ್ಕ್ರೀನ್ ಅಂಚಲ್ಲಿ ಒಂದು ಗುಂಡು ಬಟನ್ ತೇಲಿಸ್ತಿದ್ರೆ ಅದಕ್ಕೂ ಅದೇ ರಕ್ಷಣೆ. ಅಂದ್ರೆ ಮೆಮೊರಿ ಉಳಿಸೋಕೆ ಅಂತ ಹಾಕಿದ್ದು ತಾನು ಜಾಗ ಹಿಡ್ಕೊಂಡು ನಿಮ್ಮ ಕೆಲಸದ ಆ್ಯಪನ್ನ ಆಚೆ ಕಳಿಸೋಕೆ ಸಹಾಯ ಮಾಡ್ತಿದೆ.

ಬೂಸ್ಟರ್ ಬಗ್ಗೆ ಇಲ್ಲೇ ಮುಗಿಸಿಬಿಡ್ತೀನಿ. ಇವತ್ತೇ ತೆಗೆದುಹಾಕಿ. ಆಂಡ್ರಾಯ್ಡ್ 14ರಿಂದ ಒಂದು ಆ್ಯಪ್ ಇನ್ನೊಂದು ಆ್ಯಪಿನ ಬ್ಯಾಕ್‌ಗ್ರೌಂಡ್ ಪ್ರೊಸೆಸ್, ಅಂದ್ರೆ ಮೆಮೊರಿಯಲ್ಲಿ ಹಿಂದುಗಡೆ ಕೂತಿರೋ ಆ್ಯಪ್, ಕಿಲ್ ಮಾಡೋಕೇ ಆಗಲ್ಲ, ಆ ಸೌಲಭ್ಯನ ಗೂಗಲ್ ಆಯಾ ಆ್ಯಪಿನ ಸ್ವಂತ ಪ್ರೊಸೆಸ್‌ಗೆ ಮಾತ್ರ ಅಂತ ಕಟ್ ಮಾಡಿದೆ. ಆದ್ರೂ "1.2 ಜಿಬಿ ಕ್ಲೀನ್ ಆಯ್ತು" ಅಂತ ಅನಿಮೇಶನ್ ತೋರಿಸೋದು ನಿಂತಿಲ್ಲ. ಹಳೇ ಆಂಡ್ರಾಯ್ಡ್‌ನಲ್ಲಿ ನಿಜವಾಗ್ಲೂ ಕಿಲ್ ಮಾಡೋದು, ಮರುಕ್ಷಣ ಅವುಗಳಲ್ಲಿ ಅರ್ಧ ಮತ್ತೆ ಎದ್ದು ಕೂರೋದು. ಕೆಲವು ಬೂಸ್ಟರ್‌ಗಳು ಆಕ್ಸೆಸಿಬಿಲಿಟಿ ಪರ್ಮಿಶನ್ ಕೇಳ್ತವೆ, ಅದು ಕೊಟ್ರೆ ನಿಮ್ಮ ಸ್ಕ್ರೀನ್ ಮೇಲೆ ಇರೋದನ್ನ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ಜನರ ಆಧಾರ್, ಪಾನ್, ಬ್ಯಾಂಕ್ ಡೀಟೇಲ್ಸ್ ತುಂಬೋ ಫೋನ್‌ನಲ್ಲಿ ಅಂಥದ್ದು ಇರೋದೇ ಬೇಡ.

ಇನ್ನು ತಾಸಿಗೊಮ್ಮೆ ಸ್ವೈಪ್ ಮಾಡೋದು. ಇದರಿಂದ ಫೋನ್ ಹಗುರ ಆಯ್ತು ಅಂತ ಅನ್ಸುತ್ತೆ, ನನಗೂ ಗೊತ್ತು, ನಮ್ಮನೇಲೂ ಮಾಡ್ತಾರೆ. ಆದ್ರೆ ಹಿಂದೆ ಸುಮ್ಮನೆ ಕೂತಿರೋ ಆ್ಯಪ್ ಬ್ಯಾಟರಿ ತಿನ್ನೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಆಂಡ್ರಾಯ್ಡ್ 11ರಿಂದೀಚೆಗೆ ಅಂಥವನ್ನ ಫ್ರೀಜ್ ಮಾಡೋ ವ್ಯವಸ್ಥೆನೂ ಬಂದಿದೆ, ಅಂದ್ರೆ ಮೆಮೊರಿಯಲ್ಲಿ ಇರುತ್ತೆ, ಸಿಪಿಯು ಒಂದು ಚೂರೂ ಸಿಗಲ್ಲ. ನೀವು ಸ್ವೈಪ್ ಮಾಡಿ ತೆಗೆದ್ರೆ ಮತ್ತೆ ತೆರೆಯೋವಾಗ ಸ್ಟೋರೇಜಿಂದ ಎಲ್ಲಾ ಓದಿ, ಕೋಡ್ ಲೋಡ್ ಮಾಡಿ, ಸರ್ವರ್‌ನಿಂದ ಡೇಟಾ ತಂದು ಕಟ್ಟಬೇಕು. ನಾವು ಇದನ್ನ ಕೋಲ್ಡ್ ಸ್ಟಾರ್ಟ್ ಅಂತೀವಿ. ಗೂಗಲ್ ಡೆವಲಪರ್‌ಗಳಿಗೆ ಕೊಟ್ಟಿರೋ ಅಳತೆ ಪ್ರಕಾರ ಕೋಲ್ಡ್ ಸ್ಟಾರ್ಟಿಗೆ 5 ಸೆಕೆಂಡ್ ದಾಟಿದ್ರೆ ಜಾಸ್ತಿ ಆಯ್ತು ಅಂತ ಲೆಕ್ಕ, ಮೆಮೊರಿಯಲ್ಲೇ ಇದ್ದ ಆ್ಯಪ್ ವಾಪಸ್ ಬರೋದು ಒಂದೂವರೆ ಸೆಕೆಂಡ್ ಒಳಗೆ ಆಗ್ಬೇಕು. ಈ ವ್ಯತ್ಯಾಸಕ್ಕೆ ಬ್ಯಾಟರಿನೂ ಖರ್ಚು. ಐಫೋನಿಗೂ ಇದೇ ಮಾತು. 2016ರಲ್ಲಿ ಒಬ್ಬ ಬಳಕೆದಾರ ಈಮೇಲ್ ಮಾಡಿ, ನೀವು ಆ್ಯಪ್‌ಗಳನ್ನ ಕ್ಲೋಸ್ ಮಾಡ್ತೀರಾ, ಬ್ಯಾಟರಿಗೆ ಅದು ಅಗತ್ಯನಾ ಅಂತ ಕೇಳಿದ್ದಕ್ಕೆ ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಎರಡಕ್ಕೂ ಇಲ್ಲ ಅಂತ ಒಂದೇ ಸಾಲಲ್ಲಿ ಉತ್ತರ ಕೊಟ್ಟಿದ್ರು. ಒಂದು ಆ್ಯಪ್ ಹ್ಯಾಂಗ್ ಆಗಿ ನಿಂತ್ರೆ ಅದೊಂದನ್ನ ತೆಗೀರಿ, ತಪ್ಪಿಲ್ಲ. ಫೋರ್ಸ್ ಸ್ಟಾಪ್ ಮಾತ್ರ ಹುಷಾರು, ಅದು ಒತ್ತಿದ್ರೆ ನೀವೇ ಮತ್ತೆ ತೆರೆಯೋವರೆಗೂ ಆ ಆ್ಯಪ್‌ನ ಅಲಾರಂ, ಮೆಸೇಜ್ ಎಲ್ಲಾ ಬಂದ್. ಕೆಲವು ಕಂಪನಿ ಫೋನ್‌ಗಳಲ್ಲಿ ಬರೀ ಸ್ವೈಪ್ ಮಾಡಿದ್ರೂ ಹತ್ರ ಹತ್ರ ಅಷ್ಟೇ ಕಟ್ಟುನಿಟ್ಟಾಗಿ ನಿಲ್ಲಿಸ್ತಾರೆ.

ಇಷ್ಟೆಲ್ಲಾ ಆದ್ರೂ, ಆ್ಯಪ್ ಕಿಲ್ ಆಗೋದು ಸಮಸ್ಯೆಯ ಅರ್ಧ ಮಾತ್ರ. ಕಿಲ್ ಆಗಿ ವಾಪಸ್ ಬಂದಾಗ ಫಾರ್ಮ್ ಹಾಗೇ ಇದ್ದಿದ್ರೆ ನೀವು ಈ ಪ್ರಶ್ನೆ ಬರೀತಿರಲಿಲ್ಲ. ಜಿಮೇಲ್‌ನಲ್ಲಿ ಅರ್ಧ ಮೇಲ್ ಟೈಪ್ ಮಾಡಿ ಫೋನ್ ಸ್ವಿಚ್ ಆಫ್ ಆದ್ರೂ ಡ್ರಾಫ್ಟ್‌ನಲ್ಲಿ ಸಿಗುತ್ತಲ್ವಾ, ಅದೂ ಇದೇ ಫೋನಿನಲ್ಲೇ, ಇದೇ 4 ಜಿಬಿಯಲ್ಲೇ. ನೀವು ಆ್ಯಪಿಂದ ಆಚೆ ಹೋಗೋ ಹೊತ್ತಲ್ಲಿ ಆಂಡ್ರಾಯ್ಡ್ ಆ್ಯಪನ್ನ ಕೇಳುತ್ತೆ, ಸ್ಕ್ರೀನಲ್ಲಿ ಏನಿತ್ತು ಅಂತ ಸಣ್ಣ ಗಂಟು ಕಟ್ಟಿ ಕೊಡು, ಇಟ್ಕೊಂಡಿರ್ತೀನಿ, ನಿನ್ನ ಪ್ರೊಸೆಸ್ ಹೋದ್ರೂ ಇದು ಇರುತ್ತೆ ಅಂತ. ಆ ಗಂಟು ಸಣ್ಣದಿರಬೇಕು, ಅದು ಹೋಗೋ ದಾರಿಯ ಬಫರ್ರೇ (ತಾತ್ಕಾಲಿಕ ಜಾಗ) ಒಟ್ಟು 1 ಎಂಬಿ, ಅದಕ್ಕೆ ಫೋಟೋ ಗೀಟೋ ತುರುಕಿದ್ರೆ ಆ್ಯಪ್ ಕ್ರ್ಯಾಶ್. ದೊಡ್ಡದಿದ್ರೆ ಫೋನಿನ ಡೇಟಾಬೇಸಲ್ಲಿ ಡ್ರಾಫ್ಟ್ ಅಂತ ಬರೆದಿಟ್ಕೋಬೇಕು. ಇದು ಬರೆಯೋದು ಕಷ್ಟದ ಕೆಲಸ ಏನಲ್ಲ, ಬೇಜಾರಿನ ಕೆಲಸ, ಅಷ್ಟೇ. ಆಫೀಸಲ್ಲಿ ಡೆವಲಪರ್ ಕೈಯಲ್ಲಿ ಇರೋದು 12 ಜಿಬಿ ಫೋನ್, ಟೆಸ್ಟ್ ಮಾಡೋರ ಹತ್ರಾನೂ ಅದೇ, ಅವರಿಗೆ ಈ ತೊಂದ್ರೆ ಜನ್ಮದಲ್ಲಿ ಕಾಣಲ್ಲ. ಡೆಮೋ ದಿನ ಎಲ್ಲಾ ಚೆನ್ನಾಗಿ ಓಡುತ್ತೆ. ಆಮೇಲೆ ಆ ಆ್ಯಪ್ ಹೋಗೋದು ನಿಮ್ಮಂಥ ಫೀಲ್ಡ್ ಸ್ಟಾಫ್ ಕೈಯಲ್ಲಿರೋ 3, 4 ಜಿಬಿ ಫೋನಿಗೆ. ಇದರ ಮೇಲೆ ಈಗ ಬಹಳ ಆ್ಯಪ್‌ಗಳು ಫ್ಲಟರ್, ರಿಯಾಕ್ಟ್ ನೇಟಿವ್ ಇಂಥ ಫ್ರೇಮ್‌ವರ್ಕ್‌ನಲ್ಲಿ (ಆ್ಯಪ್ ಕಟ್ಟೋ ರೆಡಿಮೇಡ್ ಚೌಕಟ್ಟು) ಬರೀತಾರೆ, ಅವು ಕೆಟ್ಟವೇನಲ್ಲ, ಆದ್ರೆ ಹಳೇ ಜಾಗಕ್ಕೆ ವಾಪಸ್ ಬರೋ ವ್ಯವಸ್ಥೆ ಅವುಗಳಲ್ಲಿ ತಾನಾಗೇ ಬರಲ್ಲ, ಡೆವಲಪರ್ ಸೇರಿಸ್ಬೇಕು. ಫ್ಲಟರ್‌ನಲ್ಲಿ ಎಲ್ಲರೂ ಬಳಸೋ ಇಮೇಜ್ ಪಿಕ್ಕರ್ ಅನ್ನೋ ಪ್ಲಗಿನ್‌ನಲ್ಲಂತೂ, ಕ್ಯಾಮೆರಾ ತೆರೆದಾಗ ಆ್ಯಪ್ ಕಿಲ್ ಆಗಿ ಕಳೆದುಹೋದ ಫೋಟೋನ ವಾಪಸ್ ಪಡೆಯೋಕೆ ಅಂತಲೇ ಒಂದು ಫಂಕ್ಷನ್ ಇಟ್ಟಿದಾರೆ. ನಿಮಗೆ ಆಗ್ತಿರೋದು ಎಷ್ಟು ಮಾಮೂಲು ಅಂತ ಅದರಲ್ಲೇ ಗೊತ್ತಾಗುತ್ತೆ.

ಆ್ಯಪ್ ಮೊದಲಿಂದ ಶುರು ಆಗಿದ್ದೆಲ್ಲಾ ರ್ಯಾಮ್ ಕಥೆ ಅಂತಲೂ ಅಲ್ಲ. ಬ್ಯಾಂಕ್ ಆ್ಯಪ್ ಐದು ನಿಮಿಷ ಬಿಟ್ಟು ಬಂದ್ರೆ ಪಿನ್ ಕೇಳುತ್ತೆ, ಅದು ಬೇಕಂತಲೇ ಮಾಡಿರೋದು, ಅದನ್ನ ಸರಿ ಮಾಡೋಕೆ ಹೋಗ್ಬೇಡಿ. ಫೇಸ್‌ಬುಕ್, ಇನ್‌ಸ್ಟಾ ಫೀಡ್ ವಾಪಸ್ ಬಂದಾಗ ಹೊಸದಾಗೋದು ಅವರ ಡಿಸೈನ್, ನೀವು ಓದ್ತಿದ್ದ ಪೋಸ್ಟ್ ಸಿಗದೇ ಇದ್ರೆ ಅವರಿಗೇನೂ ನಷ್ಟ ಇಲ್ಲ. ಬ್ರೌಸರ್‌ನಲ್ಲಿ ಹಳೇ ಟ್ಯಾಬ್‌ಗಳನ್ನ ಮೆಮೊರಿಗೋಸ್ಕರ ಬಿಟ್ಟುಬಿಡ್ತಾರೆ, ತಿರುಗಿ ಮುಟ್ಟಿದಾಗ ಪೇಜ್ ನೆಟ್‌ನಿಂದ ಮತ್ತೆ ಬರುತ್ತೆ, ಸರ್ಕಾರಿ ಫಾರ್ಮ್ ತುಂಬೋವಾಗ ಜನಕ್ಕೆ ಕಣ್ಣೀರು ಬರ್ಸೋದು ಇದೇ. ಫೋನ್ ಅಡ್ಡ ತಿರುಗಿಸಿದಾಗ, ಅಕ್ಷರದ ಸೈಜ್ ಬದಲಾಯಿಸಿದಾಗ, ಸಂಜೆ ಆಟೋಮ್ಯಾಟಿಕ್ ಡಾರ್ಕ್ ಮೋಡ್ ಆನ್ ಆದಾಗಲೂ ಆಂಡ್ರಾಯ್ಡ್ ಆ ಸ್ಕ್ರೀನನ್ನ ಕೆಡವಿ ಮತ್ತೆ ಕಟ್ಟುತ್ತೆ, ಆ್ಯಪ್ ಸರಿಯಾಗಿ ಬರೆದಿಲ್ಲ ಅಂದ್ರೆ ಆಗಲೂ ಫಾರ್ಮ್ ಖಾಲಿ. ಸಂಜೆ ಆರೂವರೆಗೆ ಮಾತ್ರ ಹಿಂಗಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಗಬೇಡಿ, ಡಾರ್ಕ್ ಮೋಡ್ ಶೆಡ್ಯೂಲ್ ನೋಡಿ. ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಆಪ್ಶನ್ಸ್ ಯಾರಾದ್ರೂ ಆನ್ ಮಾಡಿಕೊಟ್ಟಿದ್ರೆ ಅದರೊಳಗೆ "ಡೋಂಟ್ ಕೀಪ್ ಆಕ್ಟಿವಿಟೀಸ್" ಅಂತ ಒಂದು ಇದೆ, ಅದು ಆನ್ ಇದ್ರೆ ನೀವು ಯಾವ ಸ್ಕ್ರೀನ್ ಬಿಟ್ರೂ ತಕ್ಷಣ ಅದನ್ನ ನಾಶ ಮಾಡುತ್ತೆ, 16 ಜಿಬಿ ಫೋನ್ ಆದ್ರೂ ಅಷ್ಟೇ. ಫೋನ್ ಫಾಸ್ಟ್ ಮಾಡೋ ಟ್ರಿಕ್ ಅಂತ ವಿಡಿಯೋ ನೋಡಿ ಆನ್ ಮಾಡ್ಕೊಂಡವರು ಇದಾರೆ. ಮೊದಲು ಅದು ಆಫ್ ಇದೆಯಾ ನೋಡ್ಕೊಳ್ಳಿ.

ಫೋನ್ ಕಂಪನಿಗಳ ಬ್ಯಾಟರಿ ಉಳಿಸೋ ಹುಚ್ಚು ಬೇರೆ. ಆಂಡ್ರಾಯ್ಡ್ 6ರಲ್ಲಿ ಡೋಜ್ ಬಂತು, ಫೋನ್ ಸುಮ್ಮನೆ ಬಿದ್ದಿರೋವಾಗ ಆ್ಯಪ್‌ಗಳ ಹಿಂದುಗಡೆ ಕೆಲಸ ತಡೆಯೋದು, 9ರಲ್ಲಿ ಯಾವ ಆ್ಯಪ್ ಎಷ್ಟು ಬಳಸ್ತೀರಿ ಅಂತ ನೋಡಿ ಗುಂಪು ಮಾಡಿ ಕಮ್ಮಿ ಬಳಸೋದಕ್ಕೆ ಕಮ್ಮಿ ಅವಕಾಶ ಕೊಡೋದು ಬಂತು. ಇದು ಗೂಗಲ್ ಲೆವೆಲ್‌ನಲ್ಲಿ. ಇದರ ಮೇಲೆ ಒಂದೊಂದು ಬ್ರ್ಯಾಂಡ್ ತನ್ನದೇ ನಿಯಮ ಹಾಕ್ಕೊಂಡು ಮೆಮೊರಿ ಖಾಲಿ ಇದ್ರೂ ಆ್ಯಪ್ ಕಿಲ್ ಮಾಡುತ್ತೆ. ಇದನ್ನ ನೀವು ಬದಲಾಯಿಸಬಹುದು. ಶಿಯೋಮಿ, ರೆಡ್ಮಿ ಆದ್ರೆ ಆ್ಯಪ್ ಇನ್ಫೋಗೆ ಹೋಗಿ ಬ್ಯಾಟರಿ ಸೇವರ್‌ನಲ್ಲಿ ನೋ ರಿಸ್ಟ್ರಿಕ್ಷನ್ಸ್, ಜೊತೆಗೆ ಆಟೋಸ್ಟಾರ್ಟ್ ಆನ್. ಸ್ಯಾಮ್‌ಸಂಗ್ ಆದ್ರೆ ಬ್ಯಾಟರಿ ಒಳಗೆ ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್ ಇದೆ, ಅಲ್ಲಿ ನೆವರ್ ಸ್ಲೀಪಿಂಗ್ ಪಟ್ಟಿಗೆ ಸೇರಿಸಿ. ರಿಯಲ್‌ಮಿ, ಒಪ್ಪೋ, ಒನ್‌ಪ್ಲಸ್‌ನಲ್ಲಿ ಅಲೋ ಬ್ಯಾಕ್‌ಗ್ರೌಂಡ್ ಆಕ್ಟಿವಿಟಿ. ಬಹಳ ಫೋನ್‌ಗಳಲ್ಲಿ ರೀಸೆಂಟ್ಸ್‌ನಲ್ಲಿ ಆ ಕಾರ್ಡ್ ಒತ್ತಿ ಹಿಡಿದ್ರೆ ಬೀಗದ ಗುರುತೂ ಸಿಗುತ್ತೆ. ಹೆಸರುಗಳು ಅಪ್‌ಡೇಟ್ ಆದಂಗೆ ಆಚೀಚೆ ಆಗಿರುತ್ತೆ, ಸೆಟ್ಟಿಂಗ್ಸ್ ಸರ್ಚ್‌ನಲ್ಲಿ ಬ್ಯಾಟರಿ ಅಂತ ಹುಡುಕಿ. ಇದನ್ನ ನಿಮ್ಮ ಕಂಪನಿ ಆ್ಯಪ್ ಒಂದಕ್ಕೆ ಮಾತ್ರ ಮಾಡಿ. ಹತ್ತು ಆ್ಯಪ್‌ಗೆ ಮಾಡಿದ್ರೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಮೇಲಾಗಿ ಎಲ್ಲರಿಗೂ ಬೀಗ ಹಾಕಿದ್ರೆ ಯಾರಿಗೂ ಹಾಕದಂಗೇ. ಮತ್ತೆ ಇದು ಬ್ರ್ಯಾಂಡ್‌ನ ಬ್ಯಾಟರಿ ಕಾಟಕ್ಕೆ ಮದ್ದು, ಕ್ಯಾಮೆರಾ ಬಂದು ನಿಜವಾಗ್ಲೂ ರ್ಯಾಮ್ ಮುಗಿದಾಗ ಈ ಬೀಗ ನಿಲ್ಲುತ್ತೆ ಅಂತ ನಂಬ್ಕೋಬೇಡಿ.

ತಂಗಿಯ ಐಫೋನ್ ವಿಷಯ. ಅಲ್ಲೂ ಇದೇ ನಡೆಯೋದು, ಕಿಲ್ ಮಾಡೋದರ ಹೆಸರು ಜೆಟ್ಸಮ್. ಆಚೆ ಹೋದ ಕೆಲವೇ ಸೆಕೆಂಡಲ್ಲಿ ಆ್ಯಪ್ ಸಸ್ಪೆಂಡ್ ಆಗುತ್ತೆ, ಒಂದು ಲೈನ್ ಕೋಡೂ ಓಡಲ್ಲ, ಮೆಮೊರಿ ಬೇಕಾದಾಗ ಹೇಳದೇ ತೆಗೀತಾರೆ. ಕೆಲವು ಸಲ ಸಿಸ್ಟಮ್ ಕಡೆಯಿಂದಲೇ ತಪ್ಪಾಗೋದೂ ಉಂಟು. 2019ರ ಅಕ್ಟೋಬರ್‌ನಲ್ಲಿ ಐಒಎಸ್ 13.2 ಬಂದಾಗ ಹೊಸ ಐಫೋನ್‌ಗಳಲ್ಲೂ ಸಫಾರಿ ಟ್ಯಾಬು, ಯೂಟ್ಯೂಬ್ ವಿಡಿಯೋ ಒಂದು ಮೆಸೇಜ್ ನೋಡಿ ಬರೋಷ್ಟರಲ್ಲಿ ರೀಲೋಡ್ ಆಗ್ತಿತ್ತು, ಜನ ಗಲಾಟೆ ಮಾಡಿದ್ರು, ನವೆಂಬರ್ ಮೊದಲ ವಾರದಲ್ಲೇ 13.2.2 ಬಿಟ್ಟು ಬ್ಯಾಕ್‌ಗ್ರೌಂಡ್ ಆ್ಯಪ್ ತಾನಾಗೇ ಮುಚ್ಚೋ ದೋಷ ಸರಿ ಮಾಡಿದೀವಿ ಅಂತ ಆ್ಯಪಲ್‌ನವರೇ ಬರೆದ್ರು. ಹಾಗಾಗಿ ಇದ್ದಕ್ಕಿದ್ದಂತೆ ಒಂದು ಅಪ್‌ಡೇಟ್ ಆದ್ಮೇಲೆ ಶುರುವಾಗಿದ್ರೆ ಮುಂದಿನ ಅಪ್‌ಡೇಟ್ ಹಾಕಿ ನೋಡೋದು ಒಳ್ಳೇದು. ಅದು ಬಿಟ್ರೆ ಐಫೋನ್‌ನಲ್ಲಿ ಬಳಕೆದಾರ ಮಾಡೋಕೆ ಜಾಸ್ತಿ ಏನೂ ಇಲ್ಲ, ಬೀಗ ಗೀಗ ಏನೂ ಕೊಟ್ಟಿಲ್ಲ ಅವರು.

ರ್ಯಾಮ್ ಎಕ್ಸ್‌ಟೆನ್ಶನ್ ಆನ್ ಮಾಡ್ಲೋ ಬೇಡ್ವೋ? ಅದು ರ್ಯಾಮ್ ಅಲ್ಲ, ಸ್ಟೋರೇಜ್‌ನಲ್ಲಿ ಸ್ವಲ್ಪ ಜಾಗ ತಗೊಂಡು, ಬಳಸದೇ ಬಿದ್ದಿರೋ ಮೆಮೊರಿನ ಅಲ್ಲಿಗೆ ಇಳಿಸೋದು. ಬ್ರ್ಯಾಂಡ್‌ಗೊಂದು ಹೆಸರು, ಸ್ಯಾಮ್‌ಸಂಗ್‌ನಲ್ಲಿ ರ್ಯಾಮ್ ಪ್ಲಸ್ ಅಂತಾರೆ. ಇದಕ್ಕೂ ಮೊದಲೇ ನಿಮ್ಮ ಫೋನ್ ಒಳಗೊಳಗೇ ಝಡ್‌ರ್ಯಾಮ್ ಅಂತ ಒಂದು ಮಾಡ್ತಿರುತ್ತೆ, ಹಳೇ ಡೇಟಾನ ಒತ್ತಿ ಚಿಕ್ಕದು ಮಾಡಿ ರ್ಯಾಮ್‌ನಲ್ಲೇ ಇಡೋದು, ಅದು ಒಳ್ಳೇ ಕೆಲಸ, ನೀವು ಮುಟ್ಟೋದು ಏನೂ ಇಲ್ಲ. ಸ್ಟೋರೇಜ್‌ಗೆ ಇಳಿಸೋದರ ಕಷ್ಟ ವೇಗದ್ದು. ಕಮ್ಮಿ ಬೆಲೆಯ ಫೋನ್‌ಗಳಲ್ಲಿ ಇರೋ ಇಎಂಎಂಸಿ ಸ್ಟೋರೇಜ್‌ನ 5.1 ಆವೃತ್ತಿಗೆ ಕಾಗದದ ಮೇಲಿನ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ, ರ್ಯಾಮ್ ಸೆಕೆಂಡಿಗೆ 10 ಜಿಬಿಗಿಂತ ಮೇಲೆ. ಅದರಿಂದ ಆ್ಯಪ್ ಉಳಿದ್ರೂ ಫೋನ್ ತಡವರಿಸಬಹುದು. ಪದೇ ಪದೇ ಬರೆಯೋದರಿಂದ ಸ್ಟೋರೇಜ್ ಸ್ವಲ್ಪ ಬೇಗ ಸವೆಯುತ್ತೆ, ಆದ್ರೆ ಮೂರು ವರ್ಷದ ಫೋನಿಗೆ ಅದು ದೊಡ್ಡ ಚಿಂತೆ ಅಂತ ನಾನು ಹೇಳಲ್ಲ. ನನ್ನ ಸಲಹೆ ಏನಂದ್ರೆ ಕನಿಷ್ಠ ಪ್ರಮಾಣ ಇಟ್ಟು ಆನ್ ಮಾಡಿ, ರೀಸ್ಟಾರ್ಟ್ ಮಾಡಿ, ಒಂದು ವಾರ ಫೀಲ್ಡಲ್ಲಿ ಬಳಸಿ. ಫಾರ್ಮ್ ಉಳಿತಿದೆ ಅಂದ್ರೆ ಇರ್ಲಿ, ಫೋನ್ ಎಳೀತಿದೆ ಅಂದ್ರೆ ಆಫ್ ಮಾಡಿ. ಸ್ಟೋರೇಜ್ ಕುತ್ತಿಗೆ ಮಟ್ಟ ತುಂಬಿದ್ರೆ ಆನ್ ಮಾಡೋದೇ ಬೇಡ, ಮೊದಲು ಹಳೇ ವಿಡಿಯೋ ತೆಗೆದು ಜಾಗ ಮಾಡಿ.

ನಾಳೆ ಬೆಳಿಗ್ಗೆಯಿಂದ ಮಾಡೋಕೆ ಆಗೋದು ಇದು. ಗಿರಾಕಿ ಮನೆ ಮುಟ್ಟಿದ ತಕ್ಷಣ ಮ್ಯಾಪ್ ನ್ಯಾವಿಗೇಶನ್ ಎಕ್ಸಿಟ್ ಮಾಡಿ, ಹಾಡು ನಿಲ್ಲಿಸಿ, ತೇಲೋ ಬಟನ್‌ಗಳೆಲ್ಲಾ ತೆಗೀರಿ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 50 ಮೆಗಾಪಿಕ್ಸೆಲ್ ಮೋಡ್, ಎಚ್‌ಡಿಆರ್, ಬ್ಯೂಟಿ ಎಲ್ಲಾ ಆಫ್ ಮಾಡಿ ಸಾದಾ ಮೋಡ್‌ನಲ್ಲಿ ಬಿಡಿ, ಕೆವೈಸಿ ಫೋಟೋಗೆ ಅದು ಬೇಕಾದಷ್ಟಾಯ್ತು. ಆ್ಯಪ್‌ನಲ್ಲಿ ಅವಕಾಶ ಇದ್ರೆ ಫೋಟೋದಿಂದಲೇ ಶುರು ಮಾಡಿ, ಆಮೇಲೆ ಹೆಸರು ವಿಳಾಸ ತುಂಬಿ, ಕಿಲ್ ಆದ್ರೂ ಕಳ್ಕೊಳ್ಳೋದು ಏನೂ ಇರಲ್ಲ. ಗ್ಯಾಲರಿಯಿಂದ ಹಾಕೋಕೆ ಅವಕಾಶ ಇದ್ರೆ ಇನ್ನೂ ಸುಲಭ, ಆದ್ರೆ ಲೋನ್ ಆ್ಯಪ್‌ಗಳಲ್ಲಿ ಮೋಸ ತಪ್ಪಿಸೋಕೆ ಅದನ್ನ ಮುಚ್ಚಿರ್ತಾರೆ, ಅದಕ್ಕೆ ಕಾರಣ ಇದೆ. ಒಟಿಪಿಗೆ ಮೆಸೇಜ್ ಆ್ಯಪ್ ತೆರೀಲೇಬೇಡಿ, ಮೇಲಿಂದ ನೋಟಿಫಿಕೇಶನ್ ಎಳೆದು ಅಲ್ಲೇ ಓದಿ, ಅದನ್ನ ಎಳೆದ್ರೆ ನಿಮ್ಮ ಆ್ಯಪ್ ಹಿಂದಕ್ಕೆ ಹೋಗಲ್ಲ, 0ಯಲ್ಲೇ ಇರುತ್ತೆ. ನಂಬರ್ ನೆನಪಿಟ್ಟು ಟೈಪ್ ಮಾಡಿ, ಅಥವಾ ಕೀಬೋರ್ಡ್ ಮೇಲೆ ಬಂದ್ರೆ ಒತ್ತಿ.

ಹೊಸ ಫೋನ್ ಈಗಲೇ ಬೇಡ ಅಂತೀನಿ, ಮೇಲಿಂದು ಮಾಡಿ ನೋಡಿ. ತಗೊಳ್ಳೋದೇ ಆದ್ರೆ ಕನಿಷ್ಠ 6, ಆದಷ್ಟೂ 8 ಜಿಬಿ ನಿಜವಾದ ರ್ಯಾಮ್ ಇರೋದು. ಡಬ್ಬದ ಮೇಲೆ "8 ಪ್ಲಸ್ 8" ಅಂತ ಇದ್ರೆ ಮೊದಲ 8 ಮಾತ್ರ ಲೆಕ್ಕ, "4 ಪ್ಲಸ್ 8, ಒಟ್ಟು 12" ಅಂತ ದೊಡ್ಡದಾಗಿ ಹಾಕಿದ್ರೆ ಅದು 4 ಜಿಬಿ ಫೋನೇ. ಸ್ಟೋರೇಜ್ ಯುಎಫ್‌ಎಸ್ (ಇಎಂಎಂಸಿಗಿಂತ ವೇಗದ್ದು) ಇದೆಯಾ ಅಂತಲೂ ಕೇಳಿ, ಆ್ಯಪ್ ಕಿಲ್ ಆದ್ರೂ ಬೇಗ ವಾಪಸ್ ಬರುತ್ತೆ. ಆದ್ರೆ ಫಾರ್ಮ್ ಉಳಿಸ್ಕೊಳ್ಳದೇ ಇರೋ ಆ್ಯಪ್ 8 ಜಿಬಿಯಲ್ಲೂ ಅಪರೂಪಕ್ಕೆ ಕೈಕೊಡುತ್ತೆ, ಅದು ನೆನಪಿರಲಿ.

ಅದಕ್ಕೇ ನಿಮ್ಮ ಕಂಪನಿಯ ಟೆಕ್ ಟೀಮಿಗೆ ಬರೀರಿ, ಒಬ್ಬರೇ ಬೇಡ, ನಿಮ್ಮ ಬ್ರ್ಯಾಂಚಿನ ನಾಲ್ಕು ಜನ ಸೇರಿ. "ಆ್ಯಪ್ ಸ್ಲೋ ಇದೆ" ಅಂತ ಬರೆದ್ರೆ ಫೋನ್ ಬದಲಾಯಿಸಿ ಅಂತಾರೆ. ಹೀಗೆ ಬರೀರಿ: ಕ್ಯಾಮೆರಾಗೆ ಹೋಗಿ ಬಂದಾಗ ಆ್ಯಪ್‌ನ ಪ್ರೊಸೆಸ್ ಡೆತ್ ಆಗಿ ಅರ್ಜಿಯ ಡೇಟಾ ಹೋಗ್ತಿದೆ, ಟೆಸ್ಟ್ ಫೋನ್‌ನಲ್ಲಿ ಡೋಂಟ್ ಕೀಪ್ ಆಕ್ಟಿವಿಟೀಸ್ ಆನ್ ಮಾಡಿ ಅರ್ಜಿ ತುಂಬಿ ನೋಡಿ, ಆಮೇಲೆ ಕ್ಯಾಮೆರಾದಲ್ಲಿ ಇರೋವಾಗ ಪ್ರೊಸೆಸ್ಸನ್ನೇ ಕಿಲ್ ಮಾಡಿ ನೋಡಿ, ಪ್ರತಿ ಪೇಜ್ ಮುಗಿದಾಗ ಡ್ರಾಫ್ಟ್ ಸೇವ್ ಮಾಡೋ ವ್ಯವಸ್ಥೆ ಕೊಡಿ, ಆಗೋದಾದ್ರೆ ಫೋನಿನ ಕ್ಯಾಮೆರಾ ತೆರೆಯೋ ಬದಲು ಆ್ಯಪ್ ಒಳಗೇ ಕ್ಯಾಮೆರಾ ಇಡಿ. ಡೆವಲಪರ್ ಆದೋನಿಗೆ ಇಷ್ಟು ಓದಿದ್ರೆ ಸಾಕು, ಎಲ್ಲಿ ಕೈ ಹಾಕ್ಬೇಕು ಅಂತ ಗೊತ್ತಾಗುತ್ತೆ. ಜೊತೆಗೆ ಫೋನ್ ಮಾಡೆಲ್, ಆಂಡ್ರಾಯ್ಡ್ ವರ್ಶನ್, ಆ್ಯಪ್ ವರ್ಶನ್ ಹಾಕಿ. ಅವರು ವಿಡಿಯೋ ಕೇಳಿದ್ರೆ ಸ್ಕ್ರೀನ್ ರೆಕಾರ್ಡ್ ಮಾಡೋವಾಗ ಯಾವ ಗಿರಾಕಿಯ ಹೆಸರು, ಆಧಾರ್ ನಂಬರೂ ಕಾಣೋದು ಬೇಡ, ಡಮ್ಮಿ ಹೆಸರಲ್ಲಿ ತುಂಬಿ ತೋರಿಸಿ.